ಮೊಲವೂ ಅತ್ತೆಯ ಸೆಗಣಿ ನೆಲವೂ

ಅಥವಾ ಮೊಲ ಬಿಳಿಯದಾಗಿರಲಿಲ್ಲವೇನೋ. ಇಷ್ಟು ವರ್ಷ ಎಲ್ಲರಿಗೂ ಬಿಳಿ ಮೊಲ ಎಂದೇ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕುಳಿತರೆ ಅದರ ಬೆನ್ನಿನ ಮೇಲೆ ಒಂದು ಬೂದು ಮಚ್ಚೆ ಕಾಣಿಸಿಕೊಳ್ಳುತ್ತಿದೆ. ಮಚ್ಚೆ ಆಗಲೂ ಇತ್ತೇ, ಅಥವಾ ತೀರಾ ಶುಭ್ರವಾದ ನೆನಪನ್ನು ನಂಬಬಾರದೆಂಬ ನನ್ನ ಹಟಕ್ಕೆ ಈಗ ಹುಟ್ಟಿತೇ, ಹೇಳಲಾರೆ. ಹೆಣ್ಣು ಮೊಲ ಎಂಬುದು ಮಾತ್ರ ಖಂಡಿತ. ಅದಕ್ಕೆ ಮರಿಗಳು ಸಾಕ್ಷಿ.

ಅರವತ್ತರ ದಶಕದ ಆರಂಭ. ನಾನು ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಊಟ, ವಾಸ ಉಡುಪಿಯಲ್ಲಿ, ಅಪ್ಪನ ಅಕ್ಕನ ಮನೆಯಲ್ಲಿ. ಹಗಲಿಡೀ ಪರರ ಅಲ್ಪವಿರಾಮಗಳನ್ನು ಸರಿಪಡಿಸಿ, ಮನೆಗೆ ಬಂದು ಅಲ್ಪವಿರಾಮವೇ ಇಲ್ಲದ ಕತೆಗಳನ್ನು ಬರೆಯುತ್ತಿದ್ದೆ. ಪತ್ರಿಕೆಗಳು ಅವನ್ನು ತಪ್ಪದೆ ಹಿಂದಕ್ಕೆ ಕಳುಹಿಸುತ್ತಿದ್ದವು. ಭಾಷೆ ನನ್ನ ಮಾತು ಕೇಳುವುದಿಲ್ಲ ಎಂದು ಖಚಿತವಾದ ಮೇಲೆ ಮಾತೇ ಆಡದ ಪ್ರಾಣಿಯೊಂದನ್ನು ಪಳಗಿಸಿ ನೋಡಲು ಹೊರಟೆ ಎಂದು ಗೆಳೆಯರಲ್ಲಿ ಹೇಳಿಕೊಂಡಿದ್ದೆ. ನಿಜ ಇಷ್ಟು ದೊಡ್ಡದಲ್ಲ. ಕಲ್ಯಾಣಪುರದ ಇಗರ್ಜಿಯ ಹತ್ತಿರ ಒಬ್ಬ ಕೊಂಕಣಿ ಕ್ರೈಸ್ತ ಬಾಯಮ್ಮನ ಅಂಗಳದಲ್ಲಿ ಮೊಲಗಳಿದ್ದವು. ಒಂದು ಬಂದು ನನ್ನ ಅಂಗೈ ಮೂಸಿತು. ತಂದುಬಿಟ್ಟೆ.

ಅತ್ತೆ ವಿಧವೆ, ಮಡಿಯಲ್ಲಿ ಕಟ್ಟುನಿಟ್ಟು. ನಾನು ಮೊಲವನ್ನು ಜೋಳಿಗೆಯಿಂದ ಇಳಿಸುವಾಗ ಆಚೆಮನೆಯ ಹೆಂಗಸು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಅಲ್ಲೇ ನಿಂತಿದ್ದರು.

"ಗಂಡು ತರ್ಲಿಕ್ಕಿಲ್ಲ. ಒಂದೇ ಸಾಕು," ಅಂದರು ಅತ್ತೆ.

"ಒಂದೇ, ಅತ್ತೆ. ಒಂದು ಪೆಟ್ಟಿಗೆಯಲ್ಲೇ ಹಿಕ್ಕೆ ಹಾಕ್ಲಿಕ್ಕೆ ಕಲಿಸ್ತೇನೆ."

ಆಚೆಮನೆಯವರು ಸೆರಗು ಬಾಯಿಗೆ ಒತ್ತಿಕೊಂಡರು. "ಎಂತದು, ಮೊಲಕ್ಕೆ ಒಳಗೇ ಕಕ್ಕಸು ಮಾಡಿಕೊಡ್ತಾನಾ ನಿಮ್ಮ ಅಳಿಯ? ನಮಗೇ ಇಲ್ಲ ಮಾರಾಯ್ರೆ!"

"ಮಾಡಿಕೊಡ್ಲಿ. ಮಳೆ ಹಿಡಿಯುವವರೆಗೆ ನೋಡುವುದು. ಕಲಿಯದಿದ್ದರೆ ಹಟ್ಟಿಗೆ."

ಅತ್ತೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಆಚೆಮನೆಯವರ ಎದುರು ಆಡಿದ್ದನ್ನಂತೂ ಕೇಳುವುದೇ ಬೇಡ. ದನದ ಹಟ್ಟಿಯಲ್ಲಿ ಹೆಗ್ಗಣಗಳಿದ್ದವು, ಅವುಗಳನ್ನು ಹುಡುಕಿಕೊಂಡು ಕೇರೆ ಹಾವೂ ಬರುತ್ತಿತ್ತು. ದೊಡ್ಡ ಮೊಲ ಹೇಗೋ ಬದುಕೀತು, ಮರಿಗಳು ಒಂದು ದಿನವೂ ಉಳಿಯಲಿಕ್ಕಿಲ್ಲ. ನಾನಾಗಲೇ ಮರಿಗಳ ಲೆಕ್ಕಾಚಾರದಲ್ಲಿದ್ದೆ.

ಚಹಾಪುಡಿಯ ಖಾಲಿ ಪೆಟ್ಟಿಗೆಯೊಂದನ್ನು ಗಿಡ್ಡಕ್ಕೆ ಕೊಯ್ದು, ಅಕ್ಕಿ ಗಿರಣಿಯಿಂದ ಉಮಿ ತಂದು ತುಂಬಿದೆ. ಮೊಲವನ್ನು ಎತ್ತಿ ಅದರೊಳಗೆ ಕೂರಿಸಿದೆ. ಅದು ಹಾರಿ ಹೊರಬಂತು, ನನ್ನನ್ನೊಮ್ಮೆ ನೋಡಿತು, ಪೆಟ್ಟಿಗೆಗೆ ತಾಗಿಕೊಂಡೇ ಹಿಕ್ಕೆ ಹಾಕಿತು. ಮತ್ತೆ ಕೂರಿಸಿದೆ. ಮತ್ತೆ ಹಾರಿತು. ಒಂದು ಭಾನುವಾರ ಪೂರ್ತಿ ತುಳುವಿನಲ್ಲಿ ಗದರಿಸಿ, ಕನ್ನಡದಲ್ಲಿ ವಿವರಿಸಿ, ಕೊನೆಗೆ ಬಾಯಮ್ಮನ ಮನೆಯಿಂದ ಬಂದದ್ದಾದ್ದರಿಂದ ಅದರ ಮನೆಮಾತು ಕೊಂಕಣಿಯೇ ಇರಬೇಕೆಂದು ನನಗೆ ಗೊತ್ತಿದ್ದಷ್ಟು ಕೊಂಕಣಿಯಲ್ಲಿ ಬೇಡಿಕೊಂಡೆ. ಮೊಲ ಅತ್ತೆಯ ಬಸಳೆ ಸೊಪ್ಪನ್ನು ಜಗಿಯುತ್ತ ಕೇಳಿಸಿಕೊಂಡಿತು.

ನಾನು ಪೆಟ್ಟಿಗೆಯನ್ನು ದಿನಾ ಬೆಳಿಗ್ಗೆ ಬಾವಿಕಟ್ಟೆಗೆ ಒಯ್ದು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಹೊಸ ಉಮಿ ತುಂಬುತ್ತಿದ್ದೆ. ಆ ಮನೆಯಲ್ಲಿ ಇರುವವನಿಗೆ ಅದೇ ಶಿಸ್ತು. ಅತ್ತೆ ಹಿಕ್ಕೆ ಬಿದ್ದಲ್ಲೆಲ್ಲ ಹಿಡಿಸೂಡಿಯಿಂದ ಗುಡಿಸಿ, ಶುದ್ಧಕ್ಕೆಂದು ಸೆಗಣಿ ಸಾರಿಸುತ್ತಿದ್ದರು. ಮೊಲ ಮರುದಿನ ಸರಿಯಾಗಿ ಸೆಗಣಿ ಒಣಗಿದ ಜಾಗಕ್ಕೇ ಹೋಗಿ ಕೂರುತ್ತಿತ್ತು. ಅತ್ತೆ ಮತ್ತೆ ಸಾರಿಸುತ್ತಿದ್ದರು. ಅವರ ಮೂಗಿಗೆ ಸೆಗಣಿ ಎಂದರೆ ಮಡಿ. ಮೊಲದ ಮೂಗಿಗೆ ಅದು ಬೇರೆ ಏನನ್ನು ಹೇಳುತ್ತಿತ್ತೋ. ಮನೆಯಿಡೀ ಹಿಕ್ಕೆಗೆ ಪ್ರಶಸ್ತವಾದ ಜಾಗವೆಂದು ಕೂಗಿ ಕರೆಯುತ್ತಿರುವಾಗ, ಬಿಸಿಲಿನ ವಾಸನೆಯಷ್ಟೇ ಇದ್ದ ನನ್ನ ಪೆಟ್ಟಿಗೆ ಒಂದೇ ಅದಕ್ಕೆ ನಿಷಿದ್ಧ ಸ್ಥಳವಾಗಿ ಕಂಡಿರಬೇಕು. ಇದೆಲ್ಲ ಆಮೇಲೆ ಹೊಳೆದದ್ದು. ಆಗ ನಾನು ಮೊಲಕ್ಕೆ ಬುದ್ಧಿ ಸಾಲದು ಎಂದುಕೊಂಡು ಇನ್ನೂ ಜೋರಾಗಿ ತಿಕ್ಕಿದೆ.

ಈ ನಡುವೆ ಮೊಲವನ್ನು ಬಸ್ಸಿನಲ್ಲಿ ಕಲ್ಯಾಣಪುರಕ್ಕೆ ಒಯ್ದೆ. ಬಾಯಮ್ಮ ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟರು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಹೆಣ್ಣು ಕಚ್ಚುತ್ತದಂತೆ. ತುಂಬಾ ಹೊತ್ತು ಕಾಯಬೇಕಾದೀತೆಂದು ನಾನೊಂದು ದಪ್ಪ ಪುಸ್ತಕ ಒಯ್ದಿದ್ದೆ. ಅದನ್ನು ಬಿಡಿಸುವುದರೊಳಗೆ ಬಾಯಮ್ಮ, "ಆಯ್ತು, ತಕೊಂಡು ಹೋಗಿ," ಅಂದರು.

ಕೆಲವು ವಾರಗಳ ಮೇಲೆ ಅತ್ತೆ ತೆಂಗಿನಕಾಯಿ ತುರಿಯುತ್ತ ಮೊಲವನ್ನೇ ನೋಡುತ್ತಿದ್ದರು.

"ಇದು ಬಸುರಿ ಅಲ್ವಾ?"

ನಾನು ಮೊಲದ ಮುಂದೆ ಇನ್ನೊಂದು ಬಸಳೆ ಎಲೆ ಇಟ್ಟೆ.

"ಗಂಡು ತರ್ಲಿಕ್ಕಿಲ್ಲ ಅಂತ ಹೇಳಿದ್ದೆ ನಾನು."

"ತರಲಿಲ್ಲ ಅತ್ತೆ. ನಾವೇ ಹೋದದ್ದು."

ಅವರು ಮುಖ ಆಚೆ ತಿರುಗಿಸಿದರು. ನಕ್ಕರೆಂದು ಬರೆಯುವ ಆಸೆಯಾಗುತ್ತದೆ. ಬೆನ್ನು ಮಾತ್ರ ಕಂಡದ್ದು. ಮತ್ತೆ ತುರಿಯುತ್ತ ಕೇಳಿದರು: "ಮಳೆ ಹಿಡೀಲಿಕ್ಕೆ ಇನ್ನೆಷ್ಟು ದಿನ ಉಂಟು ಮಗಾ?"

ಹೆಚ್ಚು ದಿನ ಇರಲಿಲ್ಲ. ಕಾಪುವಿನಲ್ಲಿ ಅಕ್ಕನ ಮಗುವಿನ ನಾಮಕರಣಕ್ಕೆ ಹೋದವನನ್ನು ಮಳೆ ಅಲ್ಲೇ ಹಿಡಿಯಿತು. ಒಂದು ದಿನಕ್ಕೆಂದು ಹೋದವನು ಮರುದಿನವೂ ಉಳಿದೆ. ಸಮುದ್ರ ಬೊಬ್ಬೆ ಹೊಡೆಯುತ್ತಿತ್ತು, ಎಲ್ಲರೂ ಪಾಯಸ ಉಣ್ಣುತ್ತಿದ್ದರು, ನನ್ನ ತಲೆಯಲ್ಲಿ ಹೆಗ್ಗಣಗಳು. ಉಡುಪಿಗೆ ಬಂದವನೇ ನೆಟ್ಟಗೆ ಹಟ್ಟಿಗೆ ಹೋಗಿ ಇಣುಕಿದೆ. ದನವೊಂದೇ ಇತ್ತು. ಹೆದರಿಕೊಂಡು ಮನೆಯೊಳಗೆ ಹೋದೆ. ಮೊಲ ನನ್ನ ಕೋಣೆಯಲ್ಲಿ ಕಾಲು ಚಾಚಿ ಮಲಗಿತ್ತು. ನೆಲ ಶುಭ್ರ. ನಾನಿಲ್ಲದ್ದರಿಂದ ಯಾರೂ ತೊಳೆಯದ ಪೆಟ್ಟಿಗೆಯಲ್ಲಿ, ಉಮಿಯ ಮೇಲೆ, ಹಿಕ್ಕೆಯ ದೊಡ್ಡ ರಾಶಿ.

ಅತ್ತೆ ಆಚೆಮನೆಯವರನ್ನು ಕರೆದು ತೋರಿಸಿದರು. "ನೋಡಿ, ಪೆಟ್ಟಿಗೆಯಲ್ಲೇ."

"ಅಬ್ಬ! ನಮ್ಮ ಮಕ್ಕಳಿಗಿಂತ ಲಾಯಕ್ಕು," ಅಂದರು ಅವರು.

ಮೊಲ ಒಳಗೇ ಉಳಿಯಿತು. ವಾರದೊಳಗೆ ಎದೆಯ ಕೂದಲು ಕಿತ್ತು ಬೈಹುಲ್ಲಿನ ಮೇಲೆ ಹಾಸಿ, ಐದೋ ಆರೋ ಮರಿ ಹಾಕಿತು. ಕಣ್ಣು ತೆರೆಯದ, ಸುಲಿದ ಗೆಣಸಿನಂಥ ಮರಿಗಳು. ಅಂದಿನಿಂದ ನಾನು ಮೊಲಶಾಸ್ತ್ರಜ್ಞ. ಕೊಳೆಯಿದ್ದಲ್ಲೇ ಕಲಿಕೆ, ತೊಳೆದರೆ ಪ್ರಾಣಿಗೆ ತನ್ನ ಗುರುತು ಸಿಗುವುದಿಲ್ಲ ಎಂಬ ಸಿದ್ಧಾಂತವನ್ನು ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವರಿಗೆಲ್ಲ ವಿವರಿಸಿದೆ. ಅದರ ಮೇಲೆ ಅಲ್ಪವಿರಾಮಗಳುಳ್ಳ ಪ್ರಬಂಧವನ್ನೂ ಬರೆದೆ. ಅದೂ ಹಿಂದಕ್ಕೆ ಬಂತು.

ಮರಿಗಳು ದೊಡ್ಡವಾದ ಮೇಲೆ ಎರಡನ್ನು ಕಾರ್ಕಳದ ಗೆಳೆಯ ಒಯ್ದ. ಸ್ವಲ್ಪ ದಿನಕ್ಕೆ ಅಚ್ಚುಕೂಟಕ್ಕೇ ಬಂದು ನಿಂತ.

"ಎಂತ ಮಾರಾಯ ನಿನ್ನ ಪದವೀಧರ ಮೊಲಗಳು! ನನ್ನ ಹಾಸಿಗೆಯನ್ನೂ ಬಿಡುವುದಿಲ್ಲ."

"ಪೆಟ್ಟಿಗೆ ತೊಳೆದಿರ್ತಿ ನೀನು."

"ತೊಳೆಯಲೇ ಇಲ್ಲ, ನೀನು ಹೇಳಿದ ಹಾಗೆಯೇ ಬಿಟ್ಟೆ. ಈಗ ಮನೆಯಿಡೀ ನಾರ್ತದೆ. ಪೆಟ್ಟಿಗೆ ಒಂದು ನಾರುವುದಿಲ್ಲ."

ಅವನನ್ನು ನೋಡಿ ನಗುತ್ತಿದ್ದವನಿಗೆ ಅಲ್ಲೇ ಅನುಮಾನ ಶುರುವಾಯಿತು. ನಾನು ಕಾಪುವಿನಲ್ಲಿದ್ದಾಗ ಮನೆಯಲ್ಲಿ ಮೊಲ ಮತ್ತು ಅತ್ತೆ, ಇಬ್ಬರೇ. ಹಟ್ಟಿಗೆ ಹಾಕುತ್ತೇನೆಂದು ಆಚೆಮನೆಯವರ ಎದುರು ಅಂದಾಗಿತ್ತು, ಮಳೆಯೂ ಹಿಡಿದಿತ್ತು. ಬಸುರಿಯನ್ನು ಹೆಗ್ಗಣಗಳ ಬಾಯಿಗೆ ಕೊಡಬಾರದು, ಮಾತೂ ಮುರಿಯಬಾರದು ಎಂದರೆ ಉಳಿದ ದಾರಿ ಒಂದೇ: ಹಿಕ್ಕೆ ಪೆಟ್ಟಿಗೆಯಲ್ಲಿ ಸಿಗಬೇಕು. ನಾನು ಮರಳಿದ ಹೊತ್ತಿಗೆ ಹಿಂದಿನ ಜಗಲಿಯಲ್ಲಿ ಅತ್ತೆಯ ಒದ್ದೆ ಸೀರೆ ತೂಗುತ್ತಿತ್ತು. ಬೆಳಿಗ್ಗೆಯೇ ಮಿಂದವರು, ಮೈಲಿಗೆ ಮುಟ್ಟದಿದ್ದರೆ, ಮಧ್ಯಾಹ್ನ ಮತ್ತೆ ಯಾಕೆ ಮೀಯಬೇಕು? ಆದರೆ ಆ ಸೀರೆಯನ್ನು ನಾನು ನಿಜಕ್ಕೂ ಕಂಡೆನೋ, ಅಥವಾ ಅನುಮಾನಕ್ಕೊಂದು ಪುರಾವೆ ಬೇಕೆಂದು ಆಮೇಲೆ ನಾನೇ ಅಲ್ಲಿ ಒಣಹಾಕಿದೆನೋ? ಮಳೆಗಾಲದಲ್ಲಿ ಬೆಳಗಿನ ಸೀರೆಯೂ ಸಂಜೆಯವರೆಗೆ ಒಣಗುವುದಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ. "ಅತ್ತೆ, ಆವತ್ತು ಪೆಟ್ಟಿಗೆಗೆ ನೀವೇ ಹೆಕ್ಕಿ ಹಾಕಿದ್ದಾ?"

"ಮೊಲದ ಹಿಕ್ಕೆ ಹೆಕ್ಲಿಕ್ಕೆ ನನಗೆ ಮಂಡೆ ಸಮ ಇಲ್ವಾ?" ಅಂದು ಅವರು ಒಳಗೆ ಹೋದರು.

ಆಮೇಲೂ ಆ ಮೊಲ ನಮ್ಮ ಮನೆಯಲ್ಲಿ ಬಹುಕಾಲ ಇತ್ತು. ನಾನು ಎದ್ದು ನೋಡಿದಾಗಲೆಲ್ಲ ಹಿಕ್ಕೆ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅತ್ತೆ ಯಾವಾಗಲೂ ನನಗಿಂತ ಮೊದಲು ಏಳುತ್ತಿದ್ದರು. ಒಂದು ದಿನ ಅವರಿಗಿಂತ ಮೊದಲು ಎದ್ದಿದ್ದರೆ ಸಾಕಿತ್ತು. ಏಳಲಿಲ್ಲ. ಮೊಲ ಕಲಿತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಏಳದೆ ಇದ್ದದ್ದು ಸೋಮಾರಿತನದಿಂದಲೋ, ಗೊತ್ತಾಗುವುದು ಬೇಡವೆಂದೋ, ಅದೂ ಗೊತ್ತಿಲ್ಲ.