ಕೀಲಿಕೈ ಕೊಡೋ ಮುಂಚೆ ಅಕ್ಕ ಕೇಳಿದ ಒಂದು ಮಾತು

ಬರ್ರಿ, ಹತ್ತಿರ ಬರ್ರಿ ಮಹಾಜನರೇ. ಮೊಬೈಲು ಹಿಡಿದು ಅಡ್ಡಾದವರು ಎದ್ದು ಕುಂದರ್ರಿ, ಒಲಿ ಮುಂದ ನಿಂತವರು ಉರಿ ಸಣ್ಣ ಮಾಡ್ರಿ. ತೊಂಬತ್ತು ದಾಟಿದ ಗಂಟಲು ಇದು, ಆದರೂ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ.

ಅಕ್ಕಿಆಲೂರಿನ ಪೇಟೆ ಓಣಿ. ನಮ್ಮ ಅಕ್ಕ ಪಾರ್ವತೆವ್ವನ ಮನೆಯ ಮುಂದೆ ಅರ್ಧ ಊರು ನೆರೆದಿದೆ.

ಚಕ್ಕಡಿಯ ಮೇಲೆ ಟ್ರಂಕು, ಹಾಸಿಗೆಯ ಸುರುಳಿ, ಬೀಸುವ ಕಲ್ಲು. ಹೊಸ್ತಿಲ ಮೇಲೆ ಅಕ್ಕನ ಗಂಡ, ನಮ್ಮ ಈರಪ್ಪ ಭಾವ, ಕೈಯಲ್ಲಿ ಮನೆಯ ಕೀಲಿಕೈ. ಎದುರಿಗೆ ಹಾನಗಲ್ಲಿನ ಸಾವಕಾರ.

ನಾಟಕದ ಸೀನು ಅಂದುಕೊಂಡಿರೇನು... ಅಲ್ಲ. ಸ್ವಾತಂತ್ರ್ಯ ಬರಲು ಇನ್ನೂ ಒಂದೆರಡು ವರ್ಷ ಇದ್ದಾಗ ನನ್ನ ಕಣ್ಣೆದುರು ನಡೆದದ್ದು. ನನಗಾಗ ಹದಿನೆಂಟು. ಚಕ್ಕಡಿಗೆ ಸಾಮಾನು ಹೇರಿದವನು ನಾನೇ.

ಭಾವನದು ಅಕ್ಕಿ ವ್ಯಾಪಾರ. ಯುದ್ಧದ ಕಾಲಕ್ಕೆ ಕಂಟ್ರೋಲ್ ಬಂತು, ಕಾಳುಕಡಿ ಕೊಳ್ಳುವುದು ಮಾರುವುದು ಸರಕಾರದ ಕೈಗೆ ಹೋಯಿತು, ಅಂಗಡಿಯ ತಕ್ಕಡಿ ಧೂಳು ತಿಂದಿತು. ಮನೆ ಗಿರವಿ ಇಟ್ಟು ತಂದ ಸಾಲ ತೀರಿಸಬೇಕಾದ ಮುದ್ದತು ಮುಗಿಯಿತು.

"ಅಮಾಸಿ ಮುಗದ ಮ್ಯಾಲೆ ಕೀಲಿಕೈ ಕೊಡು, ಇಲ್ಲಾ ಕೋರ್ಟಿಗೆ ಹೋಗ್ತೇನಿ" ಅಂತ ಸಾವಕಾರ ಹೇಳಿ ಕಳಿಸಿದ. ಭಾವ ಹೂಂ ಅಂದುಬಿಟ್ಟ.

ಯಾಕೆ ಹೂಂ ಅಂದ? ಕೇಳ್ರಿ. ಊರ ನಾಟಕದಲ್ಲಿ ಪ್ರತಿವರ್ಷ ರಾಜನ ಪಾರ್ಟು ಅವನದೇ. ಕೊಟ್ಟ ಮಾತಿಗಾಗಿ ಕಿರೀಟ ತೆಗೆದಿಟ್ಟು ರಾಜ್ಯ ಬಿಟ್ಟು ಹೊರಡುವ ರಾಜ... ಆ ಸೀನು ನೋಡಲು ಬಂಕಾಪುರದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮಪ್ಪನೇ ನಾಟಕದ ಮಾಸ್ತರ, ನಾನು ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಬೆಳೆದವನು.

ಆ ಸೀನು ಭಾವನ ರಕ್ತಕ್ಕೇ ಇಳಿದಿತ್ತು. ಕೋರ್ಟಿನ ಮೆಟ್ಟಿಲು ಹತ್ತುವುದು ಹೇಡಿತನ, ತಾನಾಗಿ ಬಿಟ್ಟುಹೋಗುವುದು ಗಂಡಸುತನ.

ಅಕ್ಕನಿಗೆ ಸಮಾಧಾನವಿಲ್ಲ. ಸಂತೆಯ ನೆಪ ಹೇಳಿ, ನನ್ನನ್ನು ಕರೆದುಕೊಂಡು, ಹಾನಗಲ್ಲಿನ ವಕೀಲ ಆಚಾರ್ರ ಮನೆಗೆ ಹೋದಳು.

ಅವರು ಗಿರವಿ ಕಾಗದದ ನಕಲು ಓದಿ ಹೇಳಿದರು: "ಇದು ಗಿರವಿ ಅದನವ್ವಾ, ಖರೀದಿ ಅಲ್ಲ. ಮುದ್ದತು ತೀರಿದ ಮಾತ್ರಕ್ಕ ಮನಿ ಅವರದಾಗೂದಿಲ್ಲ. ಅವರು ಕೋರ್ಟಿಗೇ ಹೋಗಬೇಕು, ಕೋರ್ಟು ನಿಮಗ ತೀರಸಲಿಕ್ಕೆ ಟೈಮ್ ಕೊಡ್ತದ. ಆಗಲಿಲ್ಲಂದ್ರ ಲಿಲಾವು, ಮನಿ ಹರಾಜು ಕೂಗತಾರ. ಲಿಲಾವಿನೊಳಗ ಸಾಲಕ್ಕಿಂತ ಹೆಚ್ಚು ಬಂದದ್ದು ನಿಮ್ಮದ."

"ಹಂಗಾರ ಕೀಲಿಕೈ ಕೊಟ್ರ?"

"ಸಾಲ ಮುಟ್ಟಿತು ಅಂತ ಬರಸಿಕೊಳ್ಳದ ಕೊಟ್ರ, ಮನಿನೂ ಹೋಗ್ತದ, ಸಾಲನೂ ಉಳೀತದ."

ಮನೆಗೆ ಬಂದು ಎಲ್ಲ ಹೇಳಿದಳು. "ವಕೀಲರ ಕೇಳಿ ಮಾತು ತಪ್ಪೋ ಮನಿತನ ಅಲ್ಲ ನಮ್ಮದು" ಅಂದ ಭಾವ. ಮರುದಿನವೇ ಚಕ್ಕಡಿ ಹೂಡಿಸಿದ.

ಈಗ ಮತ್ತೆ ಹೊಸ್ತಿಲಿಗೆ ಬರ್ರಿ.

ಭಾವ ಮಾತು ಶುರು ಮಾಡಿದ್ದಾನೆ. ಅದೇ ಗತ್ತು, ಅದೇ ಏರಿಳಿತ. "ಎಲೈ ಗೃಹವೇ, ನಿನ್ನ ನೆರಳಿನಲ್ಲಿ ಉಂಡು ಬೆಳೆದ ಈ ದೇಹವು..." ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಎದುರು ಮನೆಯ ಗಂಗಜ್ಜಿ ಮಾತ್ರ, "ಲಗೂ ಮುಗಸಪಾ ಈರಪ್ಪ, ಸಾವಕಾರ್ರ ಮಾರಿಗೆ ಬಿಸಲು ಬಡ್ಯಾಕತ್ತೈತಿ" ಅಂದಳು. ಜನ ಕಿಸಕ್ಕನೆ ನಕ್ಕರು.

ಆ ನಗುವಿನ ಸಂದಿಯಲ್ಲಿ ಅಕ್ಕ ಒಳಗಿನಿಂದ ಬಂದಳು. ತಲೆಯ ಮೇಲೆ ಸೆರಗು, ಸಣ್ಣ ದನಿ.

"ಸಾವಕಾರ್ರ, ಕೀಲಿಕೈ ಈಗ ಕೊಡ್ತಾರ ಇವರು. ಇವತ್ತಿಗೆ ಸಾಲ ಪೂರಾ ಮುಟ್ಟಿತು ಅಂತ ಇಲ್ಲೇ ಬರದು ಕೊಡ್ತೀರೇನ್ರಿ?"

ಸಾವಕಾರ ರುಮಾಲು ಸರಿಮಾಡಿಕೊಂಡ. "ಅದು... ಬಡ್ಡಿಗಿಡ್ಡಿ ಲೆಕ್ಕ ನೋಡಿ ಹೇಳಬೇಕಾಕ್ಕೈತಿ, ತಂಗಿ."

"ಮನಿ ತಗೊಳ್ಳಾಕ ಲೆಕ್ಕ ಬ್ಯಾಡ, ಸಾಲ ಬಿಡಾಕ ಬೇಕೇನ್ರಿ?"

ಜನರೆಲ್ಲ ಸಾವಕಾರನ ಕಡೆ ತಿರುಗಿದರು.

ಭಾವ ಸಾವಕಾರನ ಮುಖ ನೋಡಿದ, ಅಕ್ಕನ ಮುಖ ನೋಡಿದ. ಚಾಚಿದ ಕೈ ನಿಧಾನಕ್ಕೆ ಇಳಿಯಿತು. ಕೀಲಿಕೈ ಅಂಗಿಯ ಕಿಸೆಗೆ ಹೋಯಿತು.

"ಬಸ್ಯಾ, ಸಾಮಾನು ಇಳಸು" ಅಂದ ನನಗೆ.

ಸಾವಕಾರ ಕೋರ್ಟಿಗೆ ಹೋದ. ಭಾವನೂ ಹೋದ, ಕರೆದಾಗೆಲ್ಲ ಹೋಗಿ ನಿಂತ. ತಿಂಗಳುಗಟ್ಟಲೆ ಟೈಮು ಸಿಕ್ಕಿತು.

ಪೂರಾ ಮನೆ ಉಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಿತ್ತಲು, ಬೀದಿ ಕಡೆಯ ಅಂಗಡಿ, ಎರಡನ್ನೂ ತಾವೇ ಗಿರಾಕಿ ಹುಡುಕಿ ಒಳ್ಳೆಯ ಬೆಲೆಗೆ ಮಾರಿ ಸಾಲ ತೀರಿಸಿದರು. ಪಡಸಾಲೆ, ನಡುಮನೆ, ಅಡಿಗೆ ಮನೆ ಉಳಿದವು. ಅಕ್ಕ ಅಲ್ಲೇ ಮುಪ್ಪಾದಳು.

ಭಾವ ಮಾತ್ರ ಬಹಳ ದಿನ ಅವಳ ಜೋಡಿ ನೆಟ್ಟಗೆ ಮಾತಾಡಲಿಲ್ಲ. "ಊರ ಮುಂದ ನನ್ನ ಮಾತು ಅರ್ಧಕ್ಕ ನಿಲ್ಲಿಸಿದಳು" ಅಂತ ನನ್ನ ಹತ್ತಿರ ಕೊರಗುತ್ತಿದ್ದ.

ಅಕ್ಕನಿಗೆ ಅದು ಗೊತ್ತಿತ್ತು. "ರಾಜಗ ಕಡೀ ಸೀನಿನ್ಯಾಗ ದೇವರು ಬಂದು ರಾಜ್ಯ ತಿರುಗಿ ಕೊಡ್ತಾನ. ನಮಗ ಯಾರು ಬರೋರಿದ್ರು, ನೀನ ಹೇಳು" ಅಂದಳು.

ಇವತ್ತೇ ಯಾಕೆ ಇದನ್ನು ಹೇಳಿದೆ ಅಂದರೆ... ಮಧ್ಯಾಹ್ನ ಶಿಗ್ಗಾಂವಿನಿಂದ ಫೋನು ಬಂದಿತ್ತು. ನನ್ನ ಜೊತೆ ಪಾರ್ಟು ಮಾಡಿದ ಗೆಳೆಯನ ಮಗ. ಮನೆ ಸಾಲದ ಕಂತು ನಿಂತು ಬ್ಯಾಂಕಿನ ನೋಟೀಸು ಬಂದಿದೆ, ಲಕೋಟೆಯನ್ನೂ ಒಡೆದಿಲ್ಲ. "ಕಾಕಾ, ಮರ್ಯಾದಿಯಿಂದ ಬಿಟ್ಟು ಹೋಗಿಬಿಡ್ತೇನಿ" ಅಂದ.

ಮರ್ಯಾದೆಯಂತೆ... ಭಾವನ ಮಾತೇ ಮತ್ತೆ ಕೇಳಿದಂತಾಯಿತು.

ನಾಳೆ ಮುಂಜಾನೆ ಮೊದಲ ಬಸ್ಸಿಗೆ ಶಿಗ್ಗಾಂವಿಗೆ ಹೊಂಟೇನಿ. ಆ ಲಕೋಟೆಯನ್ನು ಅವನ ಕೈಯಿಂದಲೇ ಒಡೆಸಿ, ಅವನ ಹೆಂಡತಿಯನ್ನೂ ಕರೆದುಕೊಂಡು, ಮೂವರೂ ಕೂಡಿ ವಕೀಲರ ಹತ್ತಿರ ಹೋಗಿ ಕೂಡುತ್ತೇವೆ.