ಬೆಲ್ಟಿನ ಮೇಲೆ ಸುಣ್ಣದ ಗೀಟು

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಮಾನ್ವಿಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಬೂದೆಪ್ಪ ಗಿರಣಿ ಮಾಲೀಕರ ಕೆಂಪು ಸ್ಪೋರ್ಟ್ಸ್ ಕಾರನ್ನು ಟ್ರೇಲರಿಗೆ ಕಟ್ಟುತ್ತಿದ್ದಾರೆ.

ಕಾರಿಗೆ ಎರಡೇ ಸೀಟು. ಮೂತಿ ನೆಲಕ್ಕೆ ತಾಗುವಷ್ಟು ತಗ್ಗು. ಟ್ರೇಲರಿನ ಹಲಗೆ ಹತ್ತುವಾಗ ಉಜ್ಜದಿರಲೆಂದು ಒಳಗೊಂದು ಗುಂಡಿ ಇದೆ. ಒತ್ತಿದರೆ ಮೂತಿಯಷ್ಟೇ ಮೂರು ಬೆರಳು ಮೇಲೇಳುತ್ತದೆ. ಹಾಗೆ ಎದ್ದ ಕಾರನ್ನು ಹತ್ತಿಸಿ ಎಂಜಿನ್ ಆರಿಸಿದ್ದಾಗಿದೆ. ಬೂದೆಪ್ಪ ಅಂಗಾತ ಮಲಗಿ ಕಾರಿನಡಿಗೆ ತೂರಿ, ಅದರ ಚೌಕಟ್ಟಿನ ನಾಲ್ಕೂ ಮೂಲೆಗೆ ಕೊಕ್ಕೆ ಸಿಕ್ಕಿಸಿ, ಬೆಲ್ಟುಗಳನ್ನು ಹಿಡಿಕೆಯಿಂದ ಬಿಗಿಯುತ್ತಾರೆ. ಗಿರಣಿಯ ಮ್ಯಾನೇಜರ್ ಶರಣಯ್ಯ ಪ್ರತಿ ಬಿಗಿತವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಾರೆ. ಬೆಲ್ಟು ಚಕ್ರಕ್ಕೆ ಸೋಕಕೂಡದೆಂದು ಅವರ ಕಟ್ಟಪ್ಪಣೆ. ಬೆಳ್ಳಿಯಂತೆ ಹೊಳೆಯುವ ಚಕ್ರಕ್ಕೆ ಗೀರು ಬಿದ್ದೀತು ಎಂಬ ಅನುಮಾನ.

ಅನುಮಾನಕ್ಕೆ ಕಾರಣವಿದೆ. ಹೋದ ತಿಂಗಳು ಇದೇ ಕಾರು ಸರ್ವಿಸಿಗೆಂದು ಹೈದರಾಬಾದಿಗೆ ಹೋದಾಗ ಮೂತಿಯ ಕೆಳತುಟಿ ಸೀಳಿತ್ತು. ಬೆಲ್ಟು ಸಡಿಲಾಗಿತ್ತೆಂದು ಅಲ್ಲಿನವರು ಫೋಟೊ ಕಳಿಸಿದರು. ಕಟ್ಟಿದ್ದು ಬೂದೆಪ್ಪ. ಈಗ ಹೊಸ ತುಟಿ ಕೂರಿಸಲು ಕಾರು ಮತ್ತೆ ಹೊರಟಿದೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಟ್ರೇಲರುಗಳ ಮಾಲೀಕ ಹಫೀಜ್ ಹೇಳಿಬಿಟ್ಟಿದ್ದಾರೆ.

ಬೂದೆಪ್ಪನವರಿಗೆ ನಲವತ್ತೊಂಬತ್ತು. ದೇವದುರ್ಗದ ಕೂಲಿ ಮನೆತನ. ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಹತ್ತೊಂಬತ್ತು ವರ್ಷ ಲಾರಿಗೆ ಹತ್ತಿ ಹೇರಿ ಹಗ್ಗ ಬಿಗಿದವರು. ಮೂಟೆ ಜಾರಿ ಎಡ ಭುಜದ ಕೀಲು ತಪ್ಪಿದ ಮೇಲೆ ಹೇರುವುದು ನಿಂತಿತು, ಕಟ್ಟುವುದು ಉಳಿಯಿತು. ಏಳು ವರ್ಷಗಳಿಂದ ಕಾರು ಕಟ್ಟುತ್ತಾರೆ. ತಿಂಗಳಿಗೆ ಇಪ್ಪತ್ತು, ಮದುವೆಯ ದಿನಗಳಲ್ಲಿ ಮೂವತ್ತು. ಒಂದು ಕಾರಿಗೆ ಮುಕ್ಕಾಲು ಗಂಟೆ.

ಯಾವುದನ್ನೂ ಅವರು ಒಂದೇ ಸಲಕ್ಕೆ ನಂಬುವುದಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆಂದು ಮಾಲೀಕ ಹೇಳಿದರೂ ಕಾರಿಗೆ ಭುಜ ಕೊಟ್ಟು ದೂಡಿ ನೋಡುತ್ತಾರೆ. ಹೊಸ ಬೆಲ್ಟನ್ನು ಬಿಸಿಲಿಗೆ ಹಿಡಿದು ಎಳೆ ಎಳೆ ಪರೀಕ್ಷಿಸುತ್ತಾರೆ. "ಮನಿ ಚಿಲಕಾನೂ ಮೂರು ಸಲ ಜಗ್ಗತಾನ್ರೀ," ಎನ್ನುತ್ತಾರೆ ಹೆಂಡತಿ ತಿಮ್ಮವ್ವ. "ಒಳಗ ನಾನದೀನಿ, ಕದಿಯಾಕ ಮತ್ತೇನದ ಅಂತ ಕೇಳ್ತೀನಿ."

ಈ ತಿಂಗಳು ಅವರ ಅನುಮಾನ ಬಿದ್ದಿದ್ದು ಟ್ರೇಲರ್ ಡ್ರೈವರ್ ಅಂಬರೇಶ ಅವರ ಮೇಲೆ. ಆರು ವರ್ಷದ ಜೊತೆಗಾರ, ಒಂದೇ ಬುತ್ತಿಯಲ್ಲಿ ಉಂಡವರು. ಹೋದ ಸಲ ಅಂಬರೇಶ ಒಬ್ಬರೇ ಗಾಡಿ ಒಯ್ದಿದ್ದರು. ದಾರಿಯ ಢಾಬಾದಲ್ಲಿ ಯಾರನ್ನೋ ಕಾರಿನೊಳಗೆ ಕೂರಿಸಿ ಸೆಲ್ಫಿ ತೆಗೆಸಿಕೊಳ್ಳಲು ಬಿಟ್ಟು, ಅದಕ್ಕಾಗಿ ಬೆಲ್ಟು ಬಿಚ್ಚಿ, ಮತ್ತೆ ಹೇಗೋ ಬಿಗಿದಿರಬೇಕೆಂದು ಬೂದೆಪ್ಪ ಲೆಕ್ಕ ಹಾಕಿದ್ದಾರೆ. ಬಾಯಿ ಬಿಟ್ಟು ಕೇಳಿಲ್ಲ. ಎಲೆ ಅಡಿಕೆಯ ಚೀಲದಿಂದ ಸುಣ್ಣ ತೆಗೆದು, ನಾಲ್ಕೂ ಕಡೆ ಬೆಲ್ಟು ಮತ್ತು ಹಿಡಿಕೆ ಕೂಡುವಲ್ಲಿ ಒಂದೊಂದು ಗೀಟು ಎಳೆಯುತ್ತಾರೆ. ಯಾರಾದರೂ ಬಿಚ್ಚಿ ಬಿಗಿದರೆ ಗೀಟಿಗೆ ಗೀಟು ಕೂಡುವುದಿಲ್ಲ. ಆಮೇಲೆ ತಾವೂ ಕ್ಯಾಬಿನ್ ಹತ್ತುತ್ತಾರೆ.

ಕಲ್ಲೂರು ಬರುತ್ತಿದ್ದಂತೆ ಗಾಡಿ ನಿಲ್ಲಿಸಲು ಹೇಳುತ್ತಾರೆ. ಹೊರಟು ಗಂಟೆಯೂ ಆಗಿಲ್ಲವೆಂದು ಅಂಬರೇಶ ಗೊಣಗುತ್ತಾರೆ. ಇದು ಹತ್ತಿ ಲಾರಿಯವರ ಪದ್ಧತಿ. "ಹೇರು ಕುಂತ ಮ್ಯಾಲ ಮತ್ತ ಬಿಗೀಬೇಕು. ಮೊದಲ ಬಿಗಿದಿದ್ದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ ಬೂದೆಪ್ಪ. ಕಾರು ಹತ್ತಿಯಲ್ಲ, ಕಬ್ಬಿಣ ಕೂರುವುದಿಲ್ಲ ಎಂದುಕೊಂಡು ಏಳು ವರ್ಷ ಅವರೇ ಇದನ್ನು ಬಿಟ್ಟಿದ್ದರು.

ಹಿಂದಿನ ಬೆಲ್ಟುಗಳು ಬಿಗಿಯಾಗಿವೆ. ಮುಂದಿನ ಎರಡೂ ಜೋತಾಡುತ್ತಿವೆ. ಆದರೆ ಸುಣ್ಣದ ಗೀಟು ಕೂದಲೆಳೆಯಷ್ಟೂ ಕದಲಿಲ್ಲ. ಬೂದೆಪ್ಪ ಮಂಡಿಯೂರಿ ಮುಂಚಕ್ರದ ಮೇಲಿನ ಸಂದಿಗೆ ಬೆರಳು ತೂರಿಸುತ್ತಾರೆ. ಮಾನ್ವಿಯಲ್ಲಿ ಐದು ಬೆರಳು ಹಿಡಿಸಿದ ಸಂದಿಯಲ್ಲಿ ಈಗ ಎರಡೇ. ಎತ್ತಿದ ಮೂತಿ, ಎಂಜಿನ್ ಆರಿದ ಮೇಲೆ, ತಾನೇ ಮೆಲ್ಲಗೆ ಇಳಿದಿದೆ. ಮೂತಿ ಇಳಿದಷ್ಟು ಬೆಲ್ಟು ಸಡಿಲಾಗಿದೆ. ಹೋದ ತಿಂಗಳೂ ಹೀಗೇ ಆಗಿ, ರಸ್ತೆಯ ಪ್ರತಿ ಗುಂಡಿಗೂ ಮೂತಿ ಪುಟಿದು ಟ್ರೇಲರಿನ ಕಬ್ಬಿಣದ ಪಟ್ಟಿಗೆ ಬಡಿದಿರಬೇಕು.

ಬಿಚ್ಚಿದವರು ಯಾರೂ ಇಲ್ಲ.

ಅಂಬರೇಶ ಇಳಿದು ಬಂದು ಬೆಲ್ಟು ನೋಡುತ್ತಾರೆ, ಗೀಟು ನೋಡುತ್ತಾರೆ.

"ಈ ಸುಣ್ಣ ಯಾರ ಸಲುವಾಗಿ, ಯಪ್ಪಾ?"

ಬೂದೆಪ್ಪ ಸುಳ್ಳು ಹೇಳುವುದಿಲ್ಲ. "ನಿನ್ನ ಸಲುವಾಗಿ."

"ಹೋದ ತಿಂಗಳಿಂದ ನನ್ನ ಮ್ಯಾಲೇನು?"

"ಹೂಂ."

"ಕೇಳಿದ್ರ ಹೇಳ್ತಿದ್ದಿಲ್ಲೇನು ನಾನು?"

ಬೂದೆಪ್ಪ ಮತ್ತೆ ಚಕ್ರದತ್ತ ಬಾಗುತ್ತಾರೆ. ಸಂದಿಯ ಫೋಟೊ ತೆಗೆದು ಹಫೀಜ್ ಅವರಿಗೆ ಕಳಿಸುತ್ತಾರೆ. ಚೌಕಟ್ಟು ಬಿಟ್ಟು ಚಕ್ರಗಳನ್ನೇ ಕಟ್ಟುವಂತೆ ಹಫೀಜ್ ಫೋನಿನಲ್ಲಿ ಹೇಳುತ್ತಾರೆ. ಶರಣಯ್ಯನವರಿಗೆ ತಾವೇ ತಿಳಿಸುವುದಾಗಿಯೂ ಹೇಳುತ್ತಾರೆ. ಚಕ್ರಕ್ಕೆ ಕಟ್ಟಿದರೆ ಮೂತಿ ಎದ್ದರೇನು, ಇಳಿದರೇನು, ಬೆಲ್ಟಿಗೆ ಸಂಬಂಧವಿಲ್ಲ. ಬೂದೆಪ್ಪ ಹೆಗಲ ಟವೆಲ್ಲನ್ನು ನಾಲ್ಕಾಗಿ ಹರಿದು ಬೆಲ್ಟು ಹೊಳಪಿಗೆ ತಾಗುವಲ್ಲಿ ಮಡಿಸಿ ಇಡುತ್ತಾರೆ, ಟೈರಿನ ಮೇಲೆ ಬೆಲ್ಟು ಹಾಯಿಸಿ ಬಿಗಿಯುತ್ತಾರೆ. ಯಾವಾಗಲೂ ಹಿಡಿಕೆ ಹಿಡಿದು ಕೊಡುತ್ತಿದ್ದ ಅಂಬರೇಶ ಈ ಸಲ ಕ್ಯಾಬಿನ್ನಿನಲ್ಲೇ ಕೂತಿದ್ದಾರೆ.

ರಾಯಚೂರು ದಾಟುತ್ತದೆ. ದೇವಸುಗೂರಿನ ಬಳಿ ಬೂದೆಪ್ಪ ಮತ್ತೆ ನಿಲ್ಲಿಸಲು ಕೇಳುತ್ತಾರೆ. ಈಗ ಬೆಲ್ಟು ಬಾರಿಸಿದರೆ ತಮಟೆಯಂತೆ ಸದ್ದು ಮಾಡುತ್ತದೆ. "ನಾ ಕಟ್ಟಿದ್ದು ಬಿಚ್ಚಿಲ್ರಿ. ಮಂದಿಗೆ ಅಷ್ಟು ತಿಳಿದ್ರ ಸಾಕು," ಎನ್ನುತ್ತಾರೆ ಅವರು. ಕ್ಯಾಬಿನ್ನಿನತ್ತ ನೋಡಿ, ದನಿ ತಗ್ಗಿಸಿ, "ಅವನೂ ಬಿಚ್ಚಿದ್ದಿಲ್ಲ," ಎಂದು ಸೇರಿಸುತ್ತಾರೆ.

ಕಾರು ಮಧ್ಯಾಹ್ನ ಒಂದೂವರೆಗೆ ಹೈದರಾಬಾದ್ ಮುಟ್ಟಿತು. ಎಲ್ಲಿಯೂ ಹೊಸ ಗೀರು ಇರಲಿಲ್ಲ. ಹಫೀಜ್ ಬೂದೆಪ್ಪನವರನ್ನು ಕೆಲಸದಲ್ಲಿ ಉಳಿಸಿಕೊಂಡರು. ಮರುದಿನ ಅಂಬರೇಶ ತಮ್ಮನ್ನು ಬೇರೆ ಗಾಡಿಗೆ ಹಾಕುವಂತೆ ಕೇಳಿಕೊಂಡರು. ಸೋಮವಾರದಿಂದ ಅವರು ಸಿಂಧನೂರು ಕಡೆಗೆ ಟ್ರ್ಯಾಕ್ಟರ್ ಸಾಗಿಸುವ ಟ್ರೇಲರ್ ಓಡಿಸುತ್ತಿದ್ದಾರೆ.