ಸಿರುಗುಪ್ಪಕ್ಕೆ ಹೊರಟಿದ್ದ ಜೀಪು

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದೇ ಕಾಂಪೌಂಡಿನಲ್ಲಿ ರೋಗಕ್ಕೊಂದು ಸರ್ಕಾರಿ ಉಗ್ರಾಣವಿತ್ತು. ಕಾಲರಾದ ಉಗ್ರಾಣದಲ್ಲಿ ನಾನು ಗುಮಾಸ್ತ. ನಮಗೆ ಬಾಡಿಗೆ ಎತ್ತಿನ ಗಾಡಿ, ಪಕ್ಕದ ಮಲೇರಿಯಾದವರಿಗೆ ಜೀಪು! ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ನಮ್ಮಜ್ಜಿಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಆ ಬೇಸಿಗೆ ನಮ್ಮೂರು ಸಿರುಗುಪ್ಪದಲ್ಲಿ ಕಾಲರಾ ಎದ್ದಿತು. ಬೆಳಗಿನ ಬಸ್ಸಿನ ಕಂಡಕ್ಟರ್ ಅವ್ವ ಹೇಳಿಕಳಿಸಿದ ಸುದ್ದಿ ತಂದ: "ನಿಮ್ಮ ಅಕ್ಕಗ ವಾಂತಿ-ಭೇದಿ ಹತ್ಯಾವ್ರಿ. ದವಾಖಾನಿಯೊಳಗ ಉಪ್ಪುನೀರಿನ ಬಾಟಲಿ ತೀರ್ಯಾವಂತ, ಮನಿಗೆ ಕಳಿಸ್ಯಾರ." ನರಕ್ಕೆ ಏರಿಸುವ ಆ ಬಾಟಲಿಗಳು ನನ್ನ ಬೆನ್ನ ಹಿಂದೆಯೇ ಪೆಟ್ಟಿಗೆಗಟ್ಟಲೆ ಇದ್ದವು. ಆದರೆ ಕಾಲರಾದ ಪೆಟ್ಟಿಗೆಯೆಂದರೆ ಬಸ್ಸಿನವರು ಹೆದರಿ ಹತ್ತಿಸಿಕೊಳ್ಳುತ್ತಿರಲಿಲ್ಲ.

ಹೊರಗೆ ಜೀಪು ಸಿರುಗುಪ್ಪಕ್ಕೇ ಹೊರಟು ನಿಂತಿತ್ತು. ಹಿಂದೆ ಸೊಳ್ಳೆಮದ್ದಿನ ಡಬ್ಬಿ, ಅದನ್ನು ಹೊಡೆಯುವ ಇಬ್ಬರು ಆಳು, ಸಾಹೇಬರ ಬೀಗರ ಮನೆಗೆಂದು ಒಂದು ಬುಟ್ಟಿ ಮಾವಿನಹಣ್ಣು. ಬಾಟಲಿಯ ಪೆಟ್ಟಿಗೆಗಳನ್ನೂ ಹಾಕಿಕೊಳ್ಳಿರೆಂದು ನಾನು ಮಲೇರಿಯಾ ಸಾಹೇಬರ ಕಾಲು ಹಿಡಿದೆ.

"ಕಾಲರಾದ ಸಾಮಾನಿಗೆ ಕಾಲರಾದ ಗಾಡಿ ಐತಲ್ರಿ? ನಾಳೆ ನನಗ ಜವಾಬು ಕೇಳ್ತಾರ," ಎಂದರು.

"ಆ ಮಾವಿನಹಣ್ಣು ಮಲೇರಿಯಾದವೇನ್ರಿ, ಸಾಹೇಬ್ರ?" ಎಂದುಬಿಟ್ಟೆ. ಡ್ರೈವರ್ ತಲೆ ತಗ್ಗಿಸಿದ. ಜೀಪು ಹೋಯಿತು.

ಕೌಲ್ ಬಜಾರಿಗೆ ಓಡಿ ಗಾಡಿಯವನನ್ನು ಎಳೆದುತಂದೆ. ಬಾಟಲಿಗಳಿಗೆ ಹುಲ್ಲು ಹಾಸಿ ನಾನೇ ಜೊತೆಗೆ ಕೂತೆ. ಹಾಳು ಎತ್ತುಗಳು! ಅರ್ಧ ದಾರಿಯ ಕುರುಗೋಡು ಮುಟ್ಟುವಷ್ಟರಲ್ಲಿ ಕತ್ತಲಾಗಿ, ಅವು ಮುಂದೆ ಹೆಜ್ಜೆ ಇಡಲಿಲ್ಲ. ಬೆಳಿಗ್ಗೆ ಮತ್ತೆ ಗಾಡಿ ಹೂಡುವಾಗ ಅದೇ ಜೀಪು ವಾಪಸು ಬರುತ್ತಿತ್ತು. ನನ್ನನ್ನು ಕಂಡದ್ದೇ ಡ್ರೈವರ್ ಬ್ರೇಕ್ ಹಾಕಿದ.

"ಸಾಹೇಬ್ರು ಏನರ ಅನ್ಲಿ, ಹತ್ರಿ ಅಣ್ಣಾರ," ಎಂದು ಪೆಟ್ಟಿಗೆಗಳನ್ನು ತಾನೇ ಎತ್ತಿಟ್ಟು ಜೀಪು ತಿರುಗಿಸಿದ.

ನಮ್ಮ ಮನೆಯ ಮುಂದೆ ಜನ ಸೇರಿದ್ದರು. "ಈ ಮನಿ ನಿಮ್ದಾ?" ಎಂದ ಡ್ರೈವರ್, ಕೆಳಗಿಳಿಯಲೇ ಇಲ್ಲ. ಒಳಗೆ ಸೊಳ್ಳೆಮದ್ದಿನ ನಾತ. ನಮ್ಮ ಪದ್ಧತಿಯಂತೆ ಅಕ್ಕನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವ್ವ ನನ್ನನ್ನು ನೋಡಲಿಲ್ಲ, ಬಾಗಿಲಾಚೆ ನಿಂತಿದ್ದ ಜೀಪನ್ನೇ ನೋಡಿದಳು.

"ಇದ ಜೀಪು ನಿನ್ನೆ ಬಂದಿತ್ತಲ್ಲೋ," ಎಂದಳು. "ಗ್ವಾಡಿಗೆ ಮದ್ದು ಹೊಡಿತೀವಿ, ಎಲ್ಲಾರೂ ಹೊರಗ ಬರ್ರಿ ಅಂದ್ರು. ಆಕೀನ್ನ ಹೊರಸಿನ ಸಮೇತ ಅಂಗಳಕ್ಕ ತಂದ್ವಿ. ಬಳ್ಳಾರಿ ಗಾಡಿ ಕಂಡು ಸೂಜಿಗೆ ತಾನ ಕೈ ಚಾಚಿದ್ಲು. ನನ್ನ ತಮ್ಮ ಕಳಿಸ್ಯಾನ ಅಂದ್ಲು."